ಕುಂಚಿಗೆ, ಕುಲಾಯಿ, ಕೌದಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದೊಡನೆ ಕೇಳುಗರ ಕಣ್ಣ ಮುಂದೆ ಬರುವುದು ಚೆನ್ನಮ್ಮನ ಕೋಟೆ, ಎಲ್ಲಮ್ಮನ ಗುಡ್ಡ, ಅರಳೆಯ ಪೇಟೆ, ಮಗ್ಗದ ಸಪ್ಪಳ. ಈ ಭಾಗವನ್ನು ಕುರಿತು ಮಾತನಾಡಿದವರು ಬಹುಮಟ್ಟಿಗೆ ಇವನ್ನೇ ಕುರಿತು ಮಾತನಾಡಿದ್ದಾರೆ, ಅದು ತಕ್ಕುದೇ. ನಾನು ಈ ಹೊತ್ತು ಎತ್ತಿಕೊಂಡಿರುವ ವಿಷಯ ತೀರ ಚಿಕ್ಕದು, ಅಕ್ಷರಶಃ ಗೇಣುದ್ದದ್ದು. ಹಸುಗೂಸುಗಳಿಗೂ ಎಳೆಯ ಮಕ್ಕಳಿಗೂ ನಮ್ಮ ಮನೆಗಳಲ್ಲಿ ಕೈಯಿಂದ ಹೊಲಿಯುತ್ತಿದ್ದ ಬಟ್ಟೆಗಳ ಮಾತು. ನನ್ನ ತವರು ರಾಮದುರ್ಗ, ನನ್ನ ತಾಯಿಯ ತವರು ಸವದತ್ತಿ, ನನ್ನನ್ನು ಕೊಟ್ಟದ್ದು ಬೈಲಹೊಂಗಲಕ್ಕೆ, ನಾನು ಮಗಳನ್ನು ಕೊಟ್ಟದ್ದು ಕಿತ್ತೂರಿಗೆ. ಮೂರು ದಶಕ ಕಾಲೇಜಿನಲ್ಲಿ ಪಂಪ ರನ್ನರನ್ನು ಪಾಠ ಹೇಳಿದವಳು ನಾನು. ಆದರೆ ಈ ನಾಲ್ಕು ಊರುಗಳ ನಡುವೆ ಬಾಣಂತನಕ್ಕಾಗಿ ಬಂದುಹೋದ ಬಟ್ಟೆಯ ಗಂಟುಗಳನ್ನು ಬಿಚ್ಚಿ ಕಟ್ಟಿ ಕಲಿತದ್ದೂ ಒಂದು ವಿದ್ಯೆಯೆಂದೇ ನನ್ನ ಭಾವನೆ.

ಮೊದಲು ಒಂದು ಸಂಗತಿಯನ್ನು ಹೇಳಬೇಕು. ಹುಟ್ಟಲಿರುವ ಕೂಸಿಗೆಂದು ನಮ್ಮಲ್ಲಿ ಮುಂಚಿತವಾಗಿ ಬಟ್ಟೆ ಹೊಲಿಯುತ್ತಿರಲಿಲ್ಲ. ಬಸುರಿಯ ಕೈಗೆ ಸೂಜಿ ಕೊಡಬಾರದೆಂಬ ಮಾತೂ ಇತ್ತು. ಹುಟ್ಟಿದ ಕೂಸನ್ನು ಸುತ್ತುತ್ತಿದ್ದುದು ಹಳೆಯ ಬಟ್ಟೆಯಲ್ಲಿ. ಅದೂ ಸಿಕ್ಕಿದ ಹಳೆಯ ಬಟ್ಟೆಯಲ್ಲ, ಮನೆಯ ಹಿರಿಯರು, ತುಂಬ ಕಾಲ ಬಾಳಿದವರು, ಉಟ್ಟು ಸವೆದ ಧೋತರದಲ್ಲಿ ಅಥವಾ ಸೀರೆಯಲ್ಲಿ. ಅವರ ಆಯುಷ್ಯ ಕೂಸಿಗೆ ಬರಲೆಂಬುದು ಹಾರೈಕೆ. ಹಾರೈಕೆಯನ್ನು ಬದಿಗಿಟ್ಟು ನೋಡಿದರೂ ಇದರಲ್ಲಿ ವಿವೇಕವಿದೆ. ಗಂಜಿ ಹೋಗುವವರೆಗೆ ನೂರಾರು ಸಲ ಒಗೆದ ಅರಿವೆಗಿಂತ ಮೆತ್ತಗಿನದು ಯಾವ ಅಂಗಡಿಯಲ್ಲಿಯೂ ಸಿಗದು. ಹೊಸ ಮಾಂಜರಪಾಟವನ್ನು ಹಸುಗೂಸಿನ ಮೈಗೆ ತಾಗಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಐದನೆಯ ದಿನದ ರಾತ್ರಿ ಸೆಟಿವಿ ಬಂದು ಕೂಸಿನ ಹಣೆಬರೆಹ ಬರೆದು ಹೋದ ಮೇಲೆ ಸೂಜಿ ಹೊರಗೆ ಬರುತ್ತಿತ್ತು. ಆಗ ನಡೆಯುವ ಕೆಲಸವೇ ಸೀರೆಯ ವಿಭಜನೆ. ಒಂಬತ್ತು ಗಜದ ಒಂದು ಹಳೆಯ ಸೀರೆಯನ್ನು ನನ್ನ ಅಜ್ಜಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಕುಳಿತೆದ್ದು ಜಾಳಾದ ಭಾಗ ಯಾವುದು, ನಿರಿಗೆಯ ಒಳಗೆ ಅಡಗಿ ಗಟ್ಟಿಯಾಗಿ ಉಳಿದ ಭಾಗ ಯಾವುದು, ಸೆರಗು ಎಷ್ಟು ತಾಳೀತು ಎಂಬುದೆಲ್ಲ ಆ ಒಂದು ನೋಟದಲ್ಲಿ ತಿಳಿದುಬಿಡುತ್ತಿತ್ತು. ಜಾಳಾದದ್ದು ಕೂಸಿನ ಲಂಗೋಟಿಗೆ, ಗಟ್ಟಿಯಾದದ್ದು ಜಬಲೆಗೆ, ದಡಿ ಕುಂಚಿಗೆಯ ಅಂಚಿಗೆ. ಇವೆಲ್ಲ ಹೋಗಿ ಉಳಿದ ಚೂರು ಕೌದಿಗೆ. ಕೌದಿಗೂ ಬಾರದ ಚಿಂದಿ ನೆಲ ಒರೆಸಲಿಕ್ಕೆ. ಸೀರೆಯೊಂದು ಸಾಯುವುದಕ್ಕೆ ನಮ್ಮ ಮನೆಯಲ್ಲಿ ಹದಿನೈದು ವರುಷವಾದರೂ ಬೇಕಾಗುತ್ತಿತ್ತು.

ಜಬಲೆ ಎಂಬುದು ನಮ್ಮ ಕಡೆಯ ಕೂಸಿನ ಅಂಗಿ. ಇದರಷ್ಟು ಸರಳವಾದ ಉಡುಪು ಮತ್ತೊಂದಿಲ್ಲ. ಬಟ್ಟೆಯನ್ನು ಎರಡಾಗಿ ಮಡಚಿ, ಕೊರಳಿಗೊಂದು ಅರ್ಧಚಂದ್ರ ಕತ್ತರಿಸಿ, ಮುಂಭಾಗವನ್ನೋ ಹಿಂಭಾಗವನ್ನೋ ಸೀಳಿ, ಬಗಲಿಗೆ ಹೊಲಿಗೆ ಹಾಕಿದರೆ ಮುಗಿಯಿತು. ಆದರೆ ಸರಳವಾದದ್ದರಲ್ಲಿಯೇ ಜಾಣ್ಮೆಯಿರುತ್ತದೆ. ಎಳೆಗೂಸಿನ ಜಬಲೆಯ ಹೊಲಿಗೆ ಹೊರಮಗ್ಗುಲಿಗೆ ಇರುತ್ತಿತ್ತು; ಒಳಗಡೆಯ ಮೈ ನುಣುಪು. ನೋಡುವವರಿಗೆ ತಿರುವುಮುರುವು ತೊಡಿಸಿದಂತೆ ಕಾಣುತ್ತಿತ್ತು. ಉಡುಪು ಇರುವುದು ನೋಡುವವರಿಗಾಗಿಯೋ ತೊಡುವವರಿಗಾಗಿಯೋ ಎಂಬ ಪ್ರಶ್ನೆಗೆ ನಮ್ಮ ಹೆಂಗಸರು ಹೀಗೆ ಉತ್ತರ ಕೊಟ್ಟಿದ್ದರು. ಈಗ ಪೇಟೆಯಿಂದ ಬರುವ ಮಕ್ಕಳ ಅಂಗಿಗಳ ಕೊರಳ ಹಿಂದೆ ಒರಟಾದ ಚೀಟಿಯೊಂದನ್ನು ಹೊಲಿದಿರುತ್ತಾರೆ. ಕೂಸು ಏಕೆ ಅಳುತ್ತದೆಂದು ತಿಳಿಯದೆ ಮನೆಮಂದಿಯೆಲ್ಲ ದೃಷ್ಟಿ ತೆಗೆದು, ಕೊನೆಗೆ ಆ ಚೀಟಿಯನ್ನು ಕತ್ತರಿಸಿದ ಮೇಲೆ ಅಳು ನಿಂತದ್ದನ್ನು ನಾನೇ ಕಂಡಿದ್ದೇನೆ.

ಜಬಲೆಗೆ ಗುಂಡಿಯಿರಲಿಲ್ಲ, ಕಸಿಗಳಿದ್ದುವು. ಇಲ್ಲಿ ಭಾಷೆಯ ಮೇಷ್ಟರಿಗೆ ಸಹಜವಾದ ಒಂದು ಚಾಪಲ್ಯವನ್ನು ಕೇಳುಗರು ಸಹಿಸಿಕೊಳ್ಳಬೇಕು. ಗುಂಡಿ ಸಿಕ್ಕಿಸುವ ತೂತಿಗೆ ನಾವು ‘ಕಾಜ’ ಎನ್ನುತ್ತೇವಷ್ಟೆ. ಅದು ಪೋರ್ತುಗೀಜರ ‘ಕಾಸಾ’, ಅಂದರೆ ಮನೆ. ಗುಂಡಿಯ ಮನೆ! ಗೋವೆಯ ಕಡೆಯಿಂದ ಘಟ್ಟ ಹತ್ತಿ ಬಂದ ಶಬ್ದ. ಕೂಸಿನ ತಲೆಯ ಕುಲಾಯಿ ಪಾರಸಿಯ ‘ಕುಲಾಹ’. ಅಕ್ಕನ ಮೈಮೇಲಿನ ಕುಪ್ಪಸ ಸಂಸ್ಕೃತದ ‘ಕೂರ್ಪಾಸ’. ಒಂದೇ ಅಂಗಳದಲ್ಲಿ ಆಡುವ ಎರಡು ಮಕ್ಕಳ ಮೈಮೇಲೆ ಇಷ್ಟು ದೇಶಗಳು! ಆದರೆ ಕಸಿ ನಮ್ಮದು. ಗುಂಡಿಗೂ ಕಸಿಗೂ ಇರುವ ಭೇದವೆಂದರೆ, ಗುಂಡಿಗೆ ಒಂದೇ ಅಳತೆ, ಕಸಿಗೆ ಹಲವು. ಕೂಸು ತುಂಬಿಕೊಂಡಂತೆಲ್ಲ ಕಸಿಯನ್ನು ಸಡಿಲಿಸಿ ಕಟ್ಟಿದರಾಯಿತು. ಗುಂಡಿಯಾದರೆ ಕಿತ್ತು ಹಚ್ಚಬೇಕು. ಕಿತ್ತು ಬಿದ್ದರೆ ಕೂಸು ನುಂಗುವ ಭಯವೂ ಉಂಟು.

ಇನ್ನು ಕುಂಚಿಗೆ. ಹೊಸ ತಲೆಮಾರಿನವರಿಗೆ ಇದರ ರೂಪವನ್ನು ಹೇಳಬೇಕೋ ಏನೋ. ತಲೆಗೆ ಕುಲಾಯಿಯಂತೆ ಕುಳಿತು, ಕುತ್ತಿಗೆಯ ಹಿಂದೆ ನಿರಿಗೆಯಾಗಿ ಬೆನ್ನಿನ ಮೇಲೆ ಇಳಿಬೀಳುವ, ಗದ್ದದ ಕೆಳಗೆ ಕಸಿಯಿಂದ ಕಟ್ಟುವ ಉಡುಪು ಅದು. ಬೆಳವಲದ ಗಾಳಿಗೆ ಕೂಸಿನ ಕಿವಿ, ನೆತ್ತಿ, ಬೆನ್ನು ಮೂರನ್ನೂ ಒಂದೇ ಬಟ್ಟೆಯಲ್ಲಿ ಕಾಯುವ ಉಪಾಯ. ತೊಟ್ಟಿಲ ಕಾರ್ಯಕ್ಕೆ ಇದನ್ನು ತವರಿನವರೇ ತರಬೇಕು; ಸಾಮಾನ್ಯವಾಗಿ ಗುಳೇದಗುಡ್ಡದ ಖಣದಲ್ಲಿಯೇ ಹೊಲಿಯಬೇಕು. ರಾಮದುರ್ಗದವರು ಮಗ್ಗದ ನೆರೆಯವರಾದ್ದರಿಂದ ಖಣದ ಗುಣದೋಷಗಳನ್ನು ಬಲ್ಲವರು. ಖಣದ ಹೊರಮೈ ಎಷ್ಟು ಚೆಲುವೋ ಒಳಮೈ ಅಷ್ಟು ಒರಟು; ಹೂವಿನ ಎಳೆಗಳು ಅಲ್ಲಿ ಬಿಡಿಬಿಡಿಯಾಗಿ ಓಡುತ್ತವೆ. ಆದ್ದರಿಂದ ಒಳಗೆ ಹಳೆಯ ಮಲಮಲ್ಲಿನ ಅಸ್ತರಿ ಕೊಡದೆ ಕುಂಚಿಗೆ ಹೊಲಿದವಳನ್ನು ನನ್ನ ತಾಯಿ ಹೊಲಿಗೆ ಬಲ್ಲವಳೆಂದು ಒಪ್ಪುತ್ತಿರಲಿಲ್ಲ.

ಕೈಯಲ್ಲಿ ಕಲೆಯಿದ್ದವರು ಕುಂಚಿಗೆಗೂ ಕುಲಾಯಿಗೂ ಕಸೂತಿ ಹಾಕುತ್ತಿದ್ದರು. ಕಸೂತಿಯನ್ನು ಕುರಿತು ಬಹಳ ಜನ ಬರೆದಿದ್ದಾರೆ. ಗೋಪುರ, ತೇರು, ಆನೆ, ತೊಟ್ಟಿಲು, ತುಳಸೀಕಟ್ಟೆಗಳನ್ನು ಹಾಡಿ ಹೊಗಳಿದ್ದಾರೆ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಹೆಸರೂ ಈಗ ಪಾಠಪುಸ್ತಕದಲ್ಲಿವೆ. ಆದರೆ ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ ಎಂಬ ನಿಯಮವನ್ನು ಕೇವಲ ಕುಶಲತೆಯ ಮಾತಾಗಿ ಹೇಳುವುದುಂಟು. ಗವಂತಿ, ಮುರಗಿಗಳಲ್ಲಂತೂ ಒಳಗೂ ಹೊರಗೂ ಒಂದೇ ಚಿತ್ರ. ಗಂಟಿಲ್ಲದ ಹೊಲಿಗೆಯೆಂದರೆ ಚುಚ್ಚದ ಹೊಲಿಗೆ. ಅದು ಆರು ತಿಂಗಳ ನೆತ್ತಿಯ ಮೇಲೆ ಕುಳಿತಾಗ ಅದರ ಬೆಲೆ ತಿಳಿಯುತ್ತದೆ. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ತಿಳಿಯುವುದಿಲ್ಲ.

ಮಗು ನಡೆಯತೊಡಗಿದ ಮೇಲೆ ಹೊಲಿಗೆಯ ಸ್ವರೂಪ ಬದಲಾಗುತ್ತದೆ. ಗಂಡುಹುಡುಗರ ಚೊಣ್ಣದ ಬಗೆಗೆ ಹೆಚ್ಚು ಹೇಳುವಂಥದಿಲ್ಲ. ಅವರು ಹರಿಯುವುದೇ ಕಸುಬಾಗಿ ಹುಟ್ಟಿದವರು, ತೇಪೆಗೆ ತೇಪೆ ಹಚ್ಚುತ್ತ ಹೋಗುವುದಷ್ಟೆ. ಹೆಣ್ಣುಮಕ್ಕಳ ಪರಕಾರ ಬೇರೆ. ಅದನ್ನು ಹೊಲಿಯುವಾಗ ಕೆಳಭಾಗದಲ್ಲಿ ಒಂದರ ಮೇಲೊಂದು ಮೂರು ನಾಲ್ಕು ಮಡಿಕೆ ಹಿಡಿದು ಟಾಕಿ ಹಾಕುತ್ತಿದ್ದರು. ಪ್ರತಿ ವರುಷ ದಸರೆಗೋ ದೀಪಾವಳಿಗೋ ಒಂದು ಮಡಿಕೆ ಬಿಚ್ಚುವುದು. ಬಿಚ್ಚಿದಲ್ಲಿ ಬಿಸಿಲು ಕಾಣದ ಬಟ್ಟೆಯ ಒಂದು ಪಟ್ಟಿ ಹೊಸ ಬಣ್ಣದಲ್ಲಿ ಹೊರಬೀಳುತ್ತಿತ್ತು. ಹೀಗೆ ನಾಲ್ಕನೆಯ ವರುಷಕ್ಕೆ ಪರಕಾರದ ಮೇಲೆ ನಾಲ್ಕು ಛಾಯೆಯ ಗೆರೆಗಳು; ಮರದ ಕಾಂಡವನ್ನು ಅಡ್ಡ ಕೊಯ್ದರೆ ಕಾಣುವ ಬಳೆಗಳ ಹಾಗೆ. ಶಾಲೆಯಲ್ಲಿ ನಾವು ಒಬ್ಬರ ಪರಕಾರವನ್ನೊಬ್ಬರು ನೋಡಿ, ಇದು ಎಷ್ಟನೆಯ ವರುಷದ್ದೆಂದು ಎಣಿಸುತ್ತಿದ್ದೆವು. ನಾಚಿಕೆಯಾಗುತ್ತಿತ್ತು ಎಂಬುದನ್ನು ಮರೆಮಾಡಲಾರೆ. ಈಗ ಯೋಚಿಸಿದರೆ, ಆ ಮಡಿಕೆಯೊಳಗೆ ಇದ್ದದ್ದು ಬಟ್ಟೆಯೊಂದೇ ಅಲ್ಲವೆನಿಸುತ್ತದೆ. ಈ ಮಗು ಇನ್ನೂ ನಾಲ್ಕು ದೀಪಾವಳಿಗಳನ್ನು ಕಾಣುತ್ತದೆ ಎಂದು ಹೊಲಿಯುವವಳು ತನಗೆ ತಾನೇ ಹೇಳಿಕೊಂಡಿದ್ದಳು. ಹುಟ್ಟುವ ಮುಂಚೆ ಒಂದು ಟಾಕಿಯನ್ನೂ ಹಾಕಲು ಅಂಜುತ್ತಿದ್ದ ಅದೇ ಕೈ ಈಗ ನಾಲ್ಕು ವರುಷದ ಬಟ್ಟೆಯನ್ನು ಒಳಗೆ ಬಿಡುವಷ್ಟು ಧೈರ್ಯ ಮಾಡುತ್ತಿತ್ತು.

ಈ ಅಂಜಿಕೆಗೆ ಕಾರಣವಿರಲಿಲ್ಲವೆಂದಲ್ಲ. ನಮ್ಮ ದೇಶದಲ್ಲಿ ೧೯೭೧ರಷ್ಟು ಈಚೆಗೂ, ಜೀವಂತವಾಗಿ ಹುಟ್ಟಿದ ಸಾವಿರ ಕೂಸುಗಳಲ್ಲಿ ೧೨೯ ಕೂಸುಗಳು ಒಂದು ವರುಷ ತುಂಬುವುದರೊಳಗೆ ಹೋಗುತ್ತಿದ್ದುವು. ೨೦೨೦ರ ಹೊತ್ತಿಗೆ ಆ ಸಂಖ್ಯೆ ೨೮ಕ್ಕೆ ಇಳಿದಿತ್ತು. ನಾನು ಹುಟ್ಟಿದ್ದು ೧೯೫೮ರಲ್ಲಿ. ನನಗಿಂತ ಮೊದಲು ನನ್ನ ತಾಯಿಗೆ ಇಬ್ಬರು ಗಂಡುಮಕ್ಕಳಾಗಿ, ಇಬ್ಬರೂ ತೊಟ್ಟಿಲಲ್ಲಿಯೇ ಹೋಗಿದ್ದರು. ಹೀಗಾದ ಮನೆಯಲ್ಲಿ ಮುಂದಿನ ಕೂಸನ್ನು ಉಳಿಸಿಕೊಳ್ಳಲು ಜನ ಅನೇಕ ಹಂಚಿಕೆಗಳನ್ನು ಮಾಡುತ್ತಿದ್ದರು. ಮೃತ್ಯು ಕಣ್ಣು ಹಾಕದಿರಲೆಂದು ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುವುದು ಎಲ್ಲರಿಗೂ ಗೊತ್ತಿರುವುದೇ. ಇನ್ನೊಂದು, ತಿರಿದು ತಂದ ಬಟ್ಟೆಯಲ್ಲಿ ಅಂಗಿ ಹೊಲಿಯುವುದು. ಕೂಸು ನಮ್ಮದಲ್ಲ, ಊರಿನದು, ಬಡವರದು ಎಂದು ತೋರಿಸುವ ಉಪಾಯ.

ನನಗಾಗಿ ನನ್ನ ಅಜ್ಜಿ ಸವದತ್ತಿಯ ಓಣಿ ಓಣಿ ತಿರುಗಿ ಗೇಣುಗೇಣು ಬಟ್ಟೆ ಬೇಡಿ ತಂದಳು. ಆ ಅಂಗಿ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಹನ್ನೊಂದು ತುಂಡುಗಳು. ನಾನು ದೊಡ್ಡವಳಾದ ಮೇಲೆ ಅಜ್ಜಿ ಅದನ್ನು ತೊಡೆಯ ಮೇಲೆ ಹರಡಿಕೊಂಡು ಯಾವ ತುಂಡು ಯಾರ ಮನೆಯದೆಂದು ತೋರಿಸುತ್ತಿದ್ದಳು. ಇದು ನೇಕಾರರ ಮನೆಯದು, ಇದು ಗಾಣಿಗರದು, ಇದು ಅರಳೆಯ ವ್ಯಾಪಾರಿಯ ಸೊಸೆ ಕೊಟ್ಟದ್ದು, ಇದು ದರ್ಗಾದ ಹತ್ತಿರದ ಮುದುಕಿಯದು. ಬಗಲಲ್ಲಿ ಒಂದು ಕೆಂಪು ತುಂಡು ಇದೆ. ಅಲ್ಲಿಗೆ ಬಂದಾಗ ಅವಳ ಬೆರಳು ನಿಲ್ಲದೆ ಮುಂದೆ ಸರಿಯುತ್ತಿತ್ತು. ಅವಳು ತೀರಿಕೊಂಡ ಮೇಲೆ ನನ್ನ ತಾಯಿ ಹೇಳಿದಳು: ಆ ತುಂಡು ಬಂದದ್ದು ನಮ್ಮವರು ನೀರು ಮುಟ್ಟದ ಕೇರಿಯ ಒಂದು ಮನೆಯಿಂದ, ಅದೇ ಮುಖ್ಯವಾದ ತುಂಡು, ಅದಿಲ್ಲದೆ ಅಂಗಿಗೆ ಬಲವಿಲ್ಲ ಎಂದು ಅಜ್ಜಿಯೇ ಹಟ ಹಿಡಿದು ತಂದಿದ್ದಳಂತೆ. ಕೊಟ್ಟಾಕೆಗೂ ಅದೇ ವರುಷ ಕೂಸಾಗಿತ್ತು. ತನ್ನ ಕೂಸಿನ ಬಟ್ಟೆಯಿಂದಲೇ ಹರಿದು ಕೊಟ್ಟಳು. ನಾನು ಬದುಕಿದೆ. ಆಕೆ ಮಾತ್ರ ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದನ್ನು ನಾನು ಕಾಣೆ. ನೀರಿಗೆ ಇದ್ದ ಮಡಿ ಬಟ್ಟೆಗೆ ಇರಲಿಲ್ಲ, ಅದೂ ಒಂದು ವರುಷದ ಮಟ್ಟಿಗೆ. ಜಾತಿಯ ವಿಷಯದಲ್ಲಿ ನಮ್ಮ ಹಿರಿಯರು ತಿಳಿಯದೆ ನಡೆದರೆಂದು ಹೇಳುವವರುಂಟು. ತಿಳಿದಿತ್ತು, ಆ ಬೆರಳು ಸರಿಯುತ್ತಿದ್ದ ರೀತಿಯೇ ಅದಕ್ಕೆ ಸಾಕ್ಷಿ.

ಕೌದಿಯ ವಿಷಯ ಇಷ್ಟು ಭಾರವಾದುದಲ್ಲ. ಮೇಲೊಂದು ಕೆಳಗೊಂದು ಸೀರೆ ಹಾಸಿ, ನಡುವೆ ಹರಕು ತುಂಬಿ, ಸರಿಯದಂತೆ ಮೂಲೆಗಳಿಗೆ ಕಲ್ಲಿಟ್ಟು, ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತ ಬರುವುದು. ಬೇಸಗೆಯ ಮಧ್ಯಾಹ್ನ ನಾಲ್ಕು ಮಗ್ಗುಲಿಗೆ ನಾಲ್ವರು ಹೆಂಗಸರು ಕುಳಿತರೆಂದರೆ ಕೈಯ ಕೆಲಸಕ್ಕಿಂತ ಬಾಯಿಯ ಕೆಲಸ ಜೋರು. ಕೂಸಿನ ಕೌದಿ ಎರಡು ಮೊಳದ್ದು. ಎರಡು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು. ನೇಕಾರರ ಮನೆಯಿಂದ ಮಗ್ಗದಲ್ಲಿ ಉಳಿದ ಹಾಸಿನ ಎಳೆ ತಂದು ಅದನ್ನೇ ದಾರ ಮಾಡಿಕೊಳ್ಳುತ್ತಿದ್ದರು. ಹೀಗಾಗಿ ರಾಮದುರ್ಗದ ನಮ್ಮ ಓಣಿಯ ಕೌದಿಗಳಲ್ಲಿ ಒಂದೇ ಬಣ್ಣದ ಹೊಲಿಗೆ ಕಾಣುವುದು ಅಪರೂಪ.

ಇಷ್ಟೆಲ್ಲ ಹೇಳಿದ ಮೇಲೆ ಹೊಲಿಗೆಯ ಯಂತ್ರದ ಮಾತನ್ನು ಬಿಡಲಾಗದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬುವನಿದ್ದ. ಅವನ ಕಾಲದಿಂದ ನನ್ನ ಅಜ್ಜಿಯ ಕಾಲದವರೆಗೆ ಸೂಜಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಾಗಿರಲಿಲ್ಲ. ೧೮೫೧ರಲ್ಲಿ ಅಮೆರಿಕದ ಸಿಂಗರ್ ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಯಂತ್ರಗಳನ್ನು ಸಂಶಯದಿಂದ ನೋಡಿದ ಗಾಂಧೀಜಿ ಇದಕ್ಕೆ ವಿನಾಯಿತಿ ಕೊಟ್ಟರು. ೧೯೨೪ರ ನವೆಂಬರ ತಿಂಗಳಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಪ್ರಕಟವಾದ ಸಂಭಾಷಣೆಯೊಂದರಲ್ಲಿ, ಹೆಂಡತಿ ಕೈಹೊಲಿಗೆಯಲ್ಲಿ ಸವೆಯುವುದನ್ನು ಕಾಣಲಾರದೆ ಸಿಂಗರ್ ಈ ಯಂತ್ರವನ್ನು ಕಂಡುಹಿಡಿದನೆಂದು ಅವರು ಹೇಳಿದ್ದಾರೆ, ಪ್ರೀತಿಯಿಂದ ಹುಟ್ಟಿದ ಯಂತ್ರವೆಂಬುದು ಅವರ ಭಾವ. ಮರುತಿಂಗಳೇ ಅವರು ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಸದಸ್ಯನಾಗಬೇಕಾದವನು ತಿಂಗಳಿಗೆ ಎರಡು ಸಾವಿರ ಗಜ ನೂಲು ಕೊಡಬೇಕೆಂಬ ನಿಯಮಕ್ಕೆ ಒಪ್ಪಿಗೆ ದೊರೆತದ್ದು ಆ ಅಧಿವೇಶನದಲ್ಲಿ. ನೂಲುವುದು ಕೈಯಿಂದ, ಹೊಲಿಯುವುದು ಬೇಕಾದರೆ ಯಂತ್ರದಿಂದ. ಈ ತಾರತಮ್ಯ ಸಿಂಗರನ ಕಥೆಗಿಂತ ಹೆಚ್ಚಾಗಿ ಹೆಂಗಸರ ಬೆನ್ನು ನೋವನ್ನು ಬಲ್ಲವರ ತಾರತಮ್ಯವೆಂದು ನನಗೆ ತೋರುತ್ತದೆ.

ಏಕೆಂದರೆ ಹಳೆಯದನ್ನೆಲ್ಲ ಹೊನ್ನೆಂದು ಹೇಳಲು ನಾನು ಇಲ್ಲಿಗೆ ಬಂದವಳಲ್ಲ. ಈ ಹೊಲಿಗೆಯೆಲ್ಲ ನಡೆಯುತ್ತಿದ್ದುದು ಅಡಿಗೆ ಮುಗಿದು, ಮುಸುರೆ ತಿಕ್ಕಿ, ದನಕ್ಕೆ ಮೇವು ಹಾಕಿದ ಮೇಲೆ ಚಿಮಣಿಯ ಬೆಳಕಿನಲ್ಲಿ. ನನ್ನ ತಾಯಿ ನಲವತ್ತನೆಯ ವಯಸ್ಸಿಗೆ ಸೂಜಿಗೆ ದಾರ ಪೋಣಿಸಲಾರದವಳಾದಳು. ಆ ಕೆಲಸ ನನ್ನ ಪಾಲಿಗೆ ಬಂತು. ಬೈಲಹೊಂಗಲದ ಕರಿಯ ನೆಲದಲ್ಲಿ ಮಣಗಟ್ಟಲೆ ಅರಳೆ ಬಿಡಿಸಿದ ಹೆಂಗಸು ತನ್ನ ಕೂಸಿಗೆ ಹೊಸ ಬಟ್ಟೆಯ ಒಂದು ಗಜವನ್ನು ಕೊಳ್ಳಲಾರಳು. ಹಳೆಯ ಬಟ್ಟೆಯನ್ನು ಹೊಲಿಯುವ ಜಾಣ್ಮೆಗೆ ಅರ್ಧ ಕಾರಣ ಇದು. ೧೯೫೨ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲಿನ ವರುಷಗಳಲ್ಲಿ ಮಹಿಳಾ ಮಂಡಳಗಳು ಹುಟ್ಟಿ, ಹೊಲಿಗೆಯ ವರ್ಗಗಳು ನಡೆದುವು. ಅಲ್ಲಿ ಕಲಿತು ಯಂತ್ರ ಕೊಂಡು, ಗಂಡನಿಲ್ಲದೆಯೂ ಸಂಸಾರ ನಡೆಸಿದ ನೆರೆಯವರನ್ನು ನಾನು ಬಲ್ಲೆ. ಅವರ ಮುಂದೆ ನಿಂತು ಕೈಹೊಲಿಗೆಯ ಸೊಗಸನ್ನು ವರ್ಣಿಸುವ ಧೈರ್ಯ ನನಗಿಲ್ಲ.

ಈಗ ಪೇಟೆಯಲ್ಲಿ ಕುಂಚಿಗೆ ಸಿದ್ಧವಾಗಿಯೇ ಸಿಗುತ್ತದೆ. ಖಣದ ಹೂವನ್ನು ಅಚ್ಚು ಹಾಕಿದ ನಯವಾದ ಕೃತಕ ನೂಲಿನ ಬಟ್ಟೆ, ಸುತ್ತ ಜರಿ, ಗದ್ದಕ್ಕೆ ಚಿಟಿಕೆಗುಂಡಿ. ತೊಟ್ಟಿಲಲ್ಲಿ ಹಾಕಿ ಭಾವಚಿತ್ರ ತೆಗೆಯುವವರೆಗೆ ಬಹಳ ಚೆನ್ನ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಕೂಸು ಅದನ್ನು ಅರ್ಧ ಗಂಟೆಯೂ ತಾಳದು. ಒಳಗೆ ಅಸ್ತರಿಯಿಲ್ಲ, ಬಿಚ್ಚಿ ಬೆಳೆಸಲು ಒಳಗೆ ಬಟ್ಟೆಯಿಲ್ಲ. ಮೂರು ತಿಂಗಳಿಗೆ ಅದರ ಆಯುಷ್ಯ ಮುಗಿಯಿತು.

ಹೋದ ಮಳೆಗಾಲದಲ್ಲಿ ಕಿತ್ತೂರಿನಲ್ಲಿ ಮಗಳ ಮನೆಯಲ್ಲಿದ್ದಾಗ ನೆರೆಯ ಹುಡುಗಿಯೊಬ್ಬಳು ಬಂದಳು. ಮನೆಯಲ್ಲಿ ಕುಳಿತೇ ಗಣಕಯಂತ್ರದ ಮೇಲೆ ದೂರದ ಕಂಪನಿಯ ಕೆಲಸ ಮಾಡುವವಳು. ಇಪ್ಪತ್ತು ದಿನದ ಬಾಣಂತಿ. ಕೂಸಿಗೆ ಮೈತುಂಬ ಬೆವರುಸಾಲೆ ಎದ್ದಿದೆ, ನಿಮ್ಮ ಹತ್ತಿರ ಹಳೆಯ ಅರಿವೆಯಿದ್ದರೆ ಕೊಡಿ ಎಂದಳು. ನನ್ನ ಒಂದು ನೂಲಿನ ಸೀರೆಯನ್ನು ಇಬ್ಬರೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ನಿರಿಗೆಯ ಕಡೆ ಗಟ್ಟಿಯಿತ್ತು. ಎರಡು ಜಬಲೆ ಕತ್ತರಿಸಿ, ಬಗಲಿಗೆ ಎರಡು ಬೆರಳು ಬಟ್ಟೆ ಬಿಡು, ಹೊಲಿಗೆ ಹೊರಗಿರಲಿ ಎಂದು ಹೇಳಿ ಅವಳ ಕೈಗೆ ಕೊಟ್ಟೆ. ಅವಳು ಹೊಲಿಯುತ್ತ ಕುಳಿತಳು. ಟಾಕಿ ಸೊಟ್ಟವಾಗಿದ್ದುವು, ಆದರೆ ಗಟ್ಟಿಯಾಗಿದ್ದುವು. ಕಸಿಗೆ ಏನು ಮಾಡಲಿ ಎಂದು ಕೇಳಿದಳು. ಸೀರೆಯ ದಡಿಯನ್ನು ಸಣ್ಣಗೆ ಹರಿದು ಹೊಸೆಯುವುದನ್ನು ತೋರಿಸಿಕೊಟ್ಟೆ.